ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ನ್ಯಾಯದ ಕಡತ

ಊರೊಂದರ ಹುಟ್ಟನ್ನು ಅರಿಯಲು ನಾವು ಸಾಮಾನ್ಯವಾಗಿ ಶಾಸನಗಳನ್ನೂ ಸ್ಥಳಪುರಾಣಗಳನ್ನೂ ಅರಸುತ್ತೇವೆ. ಅವು ಹೆಚ್ಚಾಗಿ ಸ್ಥಾಪಕನ ಕೀರ್ತಿಯನ್ನು ಸಾರುತ್ತವೆ. ಜನರು ಪರಸ್ಪರ ಹೇಗೆ ಬಾಳಿದರೆಂಬುದನ್ನು ತಿಳಿಸುವುದು ನ್ಯಾಯದ ಕಡತ. ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣವು ಇದಕ್ಕೆ ಉತ್ತಮ ನಿದರ್ಶನ.

1636ರಲ್ಲಿ ವಿಲಿಯಂ ಪಿಂಚನ್ ಎಂಬ ಆಂಗ್ಲ ವರ್ತಕನು ತುಪ್ಪಳದ ವ್ಯಾಪಾರಕ್ಕಾಗಿ ಕನೆಕ್ಟಿಕಟ್ ನದಿಯ ತೀರದ ಅಗವಾಮ್ ಎಂಬಲ್ಲಿ ಈ ವಸತಿಯನ್ನು ಸ್ಥಾಪಿಸಿದನು. ಮೊದಲ ಮನೆ ಎದ್ದದ್ದು ಪಶ್ಚಿಮ ದಡದಲ್ಲಿ. ಅಲ್ಲಿ ಮೂಲನಿವಾಸಿಗಳ ಮೆಕ್ಕೆಜೋಳದ ಹೊಲಗಳಿದ್ದವು. ವಲಸಿಗರ ದನಗಳು ಪೈರಿಗೆ ನುಗ್ಗಿದರೆ ಕಲಹ ತಪ್ಪದೆಂದು ಊರನ್ನು ಪೂರ್ವ ದಡದಲ್ಲಿ ಕಟ್ಟಿದರು. ಅದೇ ವರ್ಷದ ಜುಲೈ 15ರ ಕ್ರಯಪತ್ರವನ್ನು ವಾಚಕರು ಗಮನಿಸಬೇಕು. ಭೂಮಿಯ ಬೆಲೆ ಮುಖ್ಯವಾಗಿ 18 ಮಾರು ಚಿಪ್ಪಿನ ಮಣಿಸರ, 18 ಕೋಟು, 18 ಕೊಡಲಿ, 18 ಗುದ್ದಲಿ ಹಾಗೂ 18 ಚಾಕು. ಮಾರಿದ ಮೇಲೂ ಜಿಂಕೆಯ ಬೇಟೆ ಮತ್ತು ಕಾಡಿನ ಕಾಯಿ-ಗೆಡ್ಡೆಗಳ ಹಕ್ಕು ಮೂಲನಿವಾಸಿಗಳಿಗೇ ಉಳಿಯಿತು. ದನಗಳು ಅವರ ಪೈರನ್ನು ಕೆಡಿಸಿದರೆ ನಷ್ಟ ತುಂಬಿಕೊಡಬೇಕೆಂದೂ ಬರೆಯಲಾಯಿತು.

1639ರ ಫೆಬ್ರವರಿಯಲ್ಲಿ ನಿವಾಸಿಗಳು ಸಭೆ ಸೇರಿ ಪಿಂಚನ್ನನನ್ನೇ ನ್ಯಾಯಾಧಿಕಾರಿಯನ್ನಾಗಿ ಆರಿಸಿದರು. ಜನರು ಕೆಲವರೇ ಇದ್ದುದರಿಂದ, 10 ಪೌಂಡಿಗಿಂತ ಕಡಿಮೆಯ ವ್ಯಾಜ್ಯಗಳಿಗೆ 12 ಜನರ ಬದಲು 6 ಜನರ ಜೂರಿಯೇ ಸಾಕೆಂದು ಒಪ್ಪಿಕೊಂಡರು. ಆ ನವೆಂಬರಿನಲ್ಲಿ ಜಾನ್ ವುಡ್‌ಕಾಕ್ ಎಂಬವನು ಜಾನ್ ಕೇಬಲ್ ಎಂಬವನ ಮೇಲೆ ಕೂಲಿಯ ದಾವೆ ಹೂಡಿದನು. ಆ ಕೂಲಿಯಾದರೂ ಯಾವುದು? ಪಶ್ಚಿಮ ದಡದಲ್ಲಿ ಕಟ್ಟಿ ಕೈಬಿಟ್ಟ ಆ ಮನೆಯ ಕೆಲಸದ್ದೇ! ಊರು ಹುಟ್ಟಿದ ಬಗೆಗೆ ಕೂಲಿಯವನ ದೂರೇ ಸಾಕ್ಷಿಯಾಗಿ ನಿಂತಿತು.

ಆದರೆ ಕಡತವನ್ನು ಓದುವಾಗ ವಿವೇಕವೂ ಬೇಕು. ಭೂಮಿ ಕೊಂಡವನೂ, ವ್ಯಾಪಾರ ನಡೆಸಿದವನೂ, ತೀರ್ಪಿತ್ತವನೂ ಪಿಂಚನ್ನನೇ. 1652ರಲ್ಲಿ ಅವನು ಇಂಗ್ಲೆಂಡಿಗೆ ಮರಳಿದ ಬಳಿಕ ಊರಿನ ಮುಂದಾಳುತನ ಮಗ ಜಾನನ ಪಾಲಾಯಿತು. ಮೂಲನಿವಾಸಿಗಳ ಮಾತು ಅಲ್ಲಿ ಪರರ ಲೇಖನಿಯಿಂದಲೇ ಬಂದದ್ದು. 1675ರ ಅಕ್ಟೋಬರ್ 5ರಂದು, ಯುದ್ಧಕಾಲದಲ್ಲಿ, ಮೂಲನಿವಾಸಿಗಳು ಊರಿಗೆ ಬೆಂಕಿಯಿಟ್ಟರು. ಬರೆದ ಕರಾರು ಎಷ್ಟೇ ಸೊಗಸಾಗಿರಲಿ, ಬಲವು ಒಂದೇ ಕಡೆ ಸೇರಿದಾಗ ಅದು ಶಾಂತಿಯನ್ನು ಕಾಯಲಾರದು.

1702ರವರೆಗಿನ ಆ ಕಡತ 1961ರಲ್ಲಿ ಅಚ್ಚಾಯಿತು. ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಕರಾರಿನ ಕಾಗದಗಳಿದ್ದರೆ ಅವನ್ನು ರದ್ದಿಗೆ ಹಾಕಬೇಡಿರಿ. ದಾನಶಾಸನದಲ್ಲಿ ಹೆಸರಿಲ್ಲದ ಬಡವನೊಬ್ಬನು ಅಲ್ಲಿ ಮಾತನಾಡುತ್ತಿರಬಹುದು.