ಕೀರ್ತಿಪುರದ ಮೇಲೆ ದೋಣಿ ಸವಾರಿ

ಕಾಕನಕೋಟೆ ಕಾಡಿನಲ್ಲಿ ಆನೆ ಹಿಂಡು ಹಿಡಿಯಲು ಹೋಗಿ ಕೈಸೋತ ಹೈದರಾಲಿ, ಇದು ಇನ್ನು ಯಾರಿಂದಲೂ ಆಗದ ಕೆಲಸ, ಮತ್ತೆ ಕೈಹಾಕಿದವನಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದನಂತೆ. ಹೀಗೆಂದು ಬರೆದಿಟ್ಟವನು ಜಿ.ಪಿ. ಸ್ಯಾಂಡರ್ಸನ್, 1878ರಲ್ಲಿ ಅಚ್ಚಾದ ತನ್ನ ಬೇಟೆ ಪುಸ್ತಕದಲ್ಲಿ. ಮೈಸೂರು ಸೀಮೆಯಲ್ಲಿ ನಾಲೆಗಳ ಉಸ್ತುವಾರಿಗೆಂದು ಕೆಲಸಕ್ಕೆ ಸೇರಿದ ಈ ಇಂಗ್ಲಿಷಿನವನಿಗೆ ನೀರಿಗಿಂತ ಆನೆಯ ಮೇಲೆ ಮನಸ್ಸು. 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಖೆಡ್ಡಾ ಮಾಡಿ, ಅಂದರೆ ಹಿಂಡನ್ನೇ ದೊಡ್ಡಿಗೆ ಅಟ್ಟಿ ಹಿಡಿದು, ಗೆದ್ದ. ಶಾಪ ಅವನಿಗೆ ತಟ್ಟಲಿಲ್ಲ, ಆನೆಗಳಿಗೆ ತಟ್ಟಿತು. ಮುಂದೆ ಖೆಡ್ಡಾ ನಮ್ಮ ಹೆಗ್ಗಡದೇವನಕೋಟೆಯ ಕಾಕನಕೋಟೆಗೂ ಬಂತು. ಸುಮಾರು ಎಂಬತ್ತು ವರ್ಷ ಇಲ್ಲಿಂದ ಕದಲಲಿಲ್ಲ.

ನಮ್ಮ ತಾಲ್ಲೂಕಿನ ಪ್ರವಾಸೋದ್ಯಮದ ಮೊದಲ ಪುಟ ಇದು. ಸಫಾರಿ, ರೆಸಾರ್ಟು ಎಲ್ಲ ನಿನ್ನೆ ಮೊನ್ನೆ ಬಂದವು ಎಂದುಕೊಂಡವರಿಗೆ ಇದನ್ನು ಹೇಳಬೇಕು. ಮೈಸೂರು ಅರಸರ ಅತಿಥಿಗಳು ಕಾರಾಪುರದಲ್ಲಿ ಡೇರೆ ಹಾಕಿ ಕೂತು ಖೆಡ್ಡಾ ನೋಡುತ್ತಿದ್ದರು. 1906ರಲ್ಲಿ ಇಂಗ್ಲೆಂಡಿನ ಯುವರಾಜ ಜಾರ್ಜ್ ಬಂದ. 1922ರಲ್ಲಿ ಅವನ ಮಗ ಎಡ್ವರ್ಡ್ ಬಂದ. ಇಬ್ಬರೂ ಆಮೇಲೆ ಚಕ್ರವರ್ತಿಗಳಾದರು. ಕಾಡಿನ ದಾರಿ, ಕುದುರೆ, ಆನೆ, ನದಿ, ರಾತ್ರಿಯ ಬೆಂಕಿ, ಇಷ್ಟನ್ನೂ ಒಂದೇ ಪ್ರವಾಸದಲ್ಲಿ ಒದಗಿಸಿದ್ದು ಮೈಸೂರು ಸಂಸ್ಥಾನ. ಈಗಿನ ಸಾಹಸ ಪ್ರವಾಸದ ಕಂಪನಿಗಳು ಅದಕ್ಕೆ ಹೊಸ ಹೆಸರಿಟ್ಟು ಮಾರುತ್ತವೆ, ಅಷ್ಟೆ.

ಅತಿಥಿಗಳು ನೋಡುತ್ತಿದ್ದುದು ಕೊನೆಯ ಅಂಕವನ್ನು ಮಾತ್ರ. ಅದಕ್ಕೆ ಮುಂಚೆ ವಾರಗಟ್ಟಲೆ ನಡೆಯುತ್ತಿದ್ದ ಕೆಲಸ ಊರಿನವರದು, ಹಾಡಿಯವರದು. ಹಿಂಡು ಎಲ್ಲಿದೆ, ಎತ್ತ ಮೇಯುತ್ತಿದೆ ಎಂದು ಹೆಜ್ಜೆ, ಲದ್ದಿ, ಮುರಿದ ಬಿದಿರು ನೋಡಿ ಹೇಳುವವರು ಜೇನುಕುರುಬರು, ಕಾಡುಕುರುಬರು. ನೂರಾರು ಆಳು ಹಿಂಡಿನ ಸುತ್ತ ಸಾಲುಗಟ್ಟಿ, ಅಲ್ಲಲ್ಲಿ ಬೆಂಕಿ ಹಾಕಿ, ಹಗಲು ರಾತ್ರಿ ಕಾವಲು ಕೂರಬೇಕು. ದಿಮ್ಮಿಗಳ ಬೇಲಿ ಮೊದಲಿಗೆ ಅಗಲ, ಹೋಗ್ತಾ ಹೋಗ್ತಾ ಇಕ್ಕಟ್ಟು, ಕೊನೆಗೆ ಒಂದು ಬಾಗಿಲು. ತಮಟೆ, ಕೂಗು, ಬಂದೂಕಿನ ಸದ್ದು ಮಾಡಿ ಹಿಂಡನ್ನು ಅತ್ತ ಅಟ್ಟುವುದು. ಕಾಕನಕೋಟೆಯ ಹೆಚ್ಚುಗಾರಿಕೆ ಎಂದರೆ ಹೊಳೆ. ಹಿಂಡನ್ನು ಕಪಿಲೆಗೆ, ಅಂದರೆ ಕಬಿನಿಗೆ, ಇಳಿಸಿ, ಈಜಿಸಿ, ಆಚೆ ದಡದಲ್ಲಿ ಕಟ್ಟಿದ ದೊಡ್ಡಿಗೆ ಹತ್ತಿಸುತ್ತಿದ್ದರು. ಇದನ್ನು ನೋಡಲು ಅಟ್ಟಣೆ. ದೊಡ್ಡಿಯೊಳಕ್ಕೆ ಪಳಗಿದ ಕುಮ್ಕಿ ಆನೆಗಳು ನುಗ್ಗಿ ಕಾಡಾನೆಯನ್ನು ಎರಡು ಪಕ್ಕದಿಂದ ಒತ್ತಿ ಹಿಡಿಯುತ್ತಿದ್ದವು. ಮಾವುತರು ಕೆಳಗಿಳಿದು ಕಾಲಿಗೆ ಹಗ್ಗ ಬಿಗಿಯುತ್ತಿದ್ದರು.

ನಮ್ಮಜ್ಜ ಆ ಕಾವಲು ಸಾಲಿನಲ್ಲಿ ಕೂತ ಆಳು. ಯುವರಾಜನನ್ನು ಕಂಡೆ ಎಂದು ಒಮ್ಮೆಯೂ ಹೇಳಿದವರಲ್ಲ. ಅವರಿಗೆ ನೆನಪಿದ್ದದ್ದು ರಾತ್ರಿಯ ಚಳಿ, ಮರಿ ಕಳಕೊಂಡ ಹೆಣ್ಣಾನೆಯ ಅರಚಾಟ. 'ಆ ಸದ್ದು ಕೇಳ್ದೋರು ಆನೆ ಅಂಬಾರಿ ನೋಡಿ ಕೈ ಮುಗುದ್ರೂ ಒಳ್ಗೆ ಅಳುಕ್ತಾರೆ ಕಣ್ಲಾ' ಎನ್ನುತ್ತಿದ್ದರು. ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಸಿಕ್ಕಿದ ಆನೆ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತ. ತನ್ನನ್ನು ಹಿಡಿದ ಕೆಲಸಕ್ಕೇ ಕೊನೆಯವರೆಗೂ ದುಡಿದ.

ಖೆಡ್ಡಾವನ್ನು ಲೋಕಕ್ಕೆ ತೋರಿಸಿದ್ದು ಮಾತ್ರ ಯುವರಾಜರಲ್ಲ, ಒಬ್ಬ ಹುಡುಗ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದು, ಅರಮನೆಯ ಆನೆಲಾಯದಲ್ಲಿದ್ದ ಅವನನ್ನು ಕಂಡು 'ಎಲಿಫೆಂಟ್ ಬಾಯ್' ಸಿನಿಮಾದ ನಾಯಕನನ್ನಾಗಿ ಮಾಡಿದ. 1937ರಲ್ಲಿ ಚಿತ್ರ ತೆರೆಕಂಡಿತು. ಸಾಬು ಲಂಡನ್ನಿಗೆ ಹೋದ, ಹಾಲಿವುಡ್ಡಿಗೆ ಹೋದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನದಲ್ಲಿ ಬಂದೂಕು ಹಿಡಿದ, 1963ರಲ್ಲಿ ತೀರಿಕೊಂಡ. ಕಾರಾಪುರದ ರಸ್ತೆಯಲ್ಲಿ ರೆಸಾರ್ಟುಗಳ ಬಾಣದ ಗುರುತಿನ ಬೋರ್ಡುಗಳು ಬೇಕಾದಷ್ಟಿವೆ. ಅವನ ಹೆಸರಿನದು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟೆ ಮುಗಿದು ಕಬಿನಿ ಜಲಾಶಯ ತುಂಬಿತು: 696 ಮೀಟರ್ ಉದ್ದದ ಕಟ್ಟೆ, ಹತ್ತೊಂಬತ್ತೂವರೆ ಟಿಎಂಸಿ ನೀರು. ಆನೆಗಳು ಈಜುತ್ತಿದ್ದ ಹೊಳೆಯ ಜಾಗದಲ್ಲಿ ಈಗ ಹಿನ್ನೀರು. 1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಹುಟ್ಟಿತು. ಅರಸರ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲೇ ಕಬಿನಿ ರಿವರ್ ಲಾಡ್ಜ್ ಎದ್ದಿತು. ಒಂದು ಕಾಲಕ್ಕೆ ಬೇಟೆಗಾರನಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಇಲ್ಲಿ ಬಂದವರಿಗೆ ಕಾಡು ನೋಡುವುದನ್ನು ಕಲಿಸುತ್ತ, 2010ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಉಳಿದ ರೆಸಾರ್ಟುಗಳ ಕಥೆ ಎಲ್ಲರಿಗೂ ಗೊತ್ತು, ಬಿಡಿ.

ನನಗೆ ಹೇಳಬೇಕಾಗಿರುವುದು ಆ ನೀರಿನಡಿಯ ಮಾತು.

ಈ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು ನಾನು. ಹಳೆಯ ಶಿಷ್ಯನೊಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕಳೆದ ವರ್ಷ ಪೆರು ದೇಶಕ್ಕೆ ಹೋಗಿ, ಗೈಡ್ ಜೊತೆ ಒಂದಿಷ್ಟು ಸೈಕಲ್, ಒಂದಿಷ್ಟು ರಾಫ್ಟಿಂಗ್, ಉಳಿದದ್ದು ಚಾರಣ ಮಾಡಿ ಇಂಕಾ ಜನರ ಮಾಚು ಪಿಚು ನೋಡಿಬಂದ. ಫೋಟೋ ತೋರಿಸುತ್ತ, 'ಇಂಥದ್ದು ನಮ್ಮ ಕಡೆ ಏನಿದೆ ಸಾರ್, ಹುಲಿ ಬಿಟ್ರೆ?' ಎಂದ. ತಪ್ಪು ಅವನದಲ್ಲ. ಪಾಠದ ಪುಸ್ತಕದಲ್ಲಿ ಇಲ್ಲದ್ದನ್ನು ನಾನೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಇಂಕಾ ಸಾಮ್ರಾಜ್ಯ ಹದಿನೈದು, ಹದಿನಾರನೇ ಶತಮಾನದ್ದು. ಕಬಿನಿ ದಡದ ಕಿತ್ತೂರು ಅದಕ್ಕಿಂತ ಸಾವಿರ ವರ್ಷ ಹಳೆಯ ರಾಜಧಾನಿ. ಶಾಸನಗಳಲ್ಲಿ ಅದರ ಹೆಸರು ಕಿತ್ತಿಪುರ, ಕೀರ್ತಿಪುರ. ರಾಜ್ಯದ ಹೆಸರು ಪುನ್ನಾಟ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕೂತು ಭೂಗೋಳ ಬರೆದ ಟಾಲೆಮಿ, 'ಪೌನ್ನಾಟ' ಎಂಬ ಊರನ್ನು ಗುರುತಿಸಿ ಅಲ್ಲಿ ಬೆರಿಲ್ ಎಂಬ ಹಸಿರುನೀಲಿ ರತ್ನ ಸಿಗುತ್ತದೆ ಎನ್ನುತ್ತಾನೆ. ಅದು ನಮ್ಮ ಪುನ್ನಾಟವೇ ಎಂದು ವಿದ್ವಾಂಸರ ಅಭಿಪ್ರಾಯ. ಸರಗೂರಿನ ಬಂಡೆಗಳಿಗೆ ಮುನ್ನೂರು ಕೋಟಿ ವರ್ಷ ಮೀರಿದ ವಯಸ್ಸು, ಭೂವಿಜ್ಞಾನಿಗಳು ಒಂದು ಬಗೆಯ ಶಿಲಾಸಮೂಹಕ್ಕೇ ಸರಗೂರಿನ ಹೆಸರಿಟ್ಟಿದ್ದಾರೆ. ನಮ್ಮ ನೆಲದಲ್ಲಿ ಕಲ್ಲಿಗೇನೂ ಬರವಿಲ್ಲ.

ಈ ವಂಶದ ರವಿದತ್ತನೆಂಬ ರಾಜನ ತಾಮ್ರಶಾಸನ ಕೊಮರಲಿಂಗಂನಲ್ಲಿ ಸಿಕ್ಕಿದೆ. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂದು ಐದು ತಲೆಮಾರಿನ ಹೆಸರು ಅದರಲ್ಲಿವೆ. ನನಗೆ ಇವರೆಲ್ಲರಿಗಿಂತ ಇಷ್ಟವಾಗುವವಳು ಪುನ್ನಾಟದ ಸ್ಕಂದವರ್ಮ ರಾಜನ ಮಗಳು. ಗುರುವಿನ ಮಾತು ಕೇಳಿ ಅಪ್ಪ ಅವಳನ್ನು ಬೇರೊಬ್ಬನ ಮಗನಿಗೆ ಗೊತ್ತು ಮಾಡಿದ್ದ. ಅವಳು ಗಂಗರ ಅವಿನೀತನನ್ನು ತಾನೇ ವರಿಸಿದಳು. ಗಂಗರ ಶಾಸನಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವಳ ಮಗ ದುರ್ವಿನೀತ. ಕವಿರಾಜಮಾರ್ಗ ಕನ್ನಡದ ಹಿಂದಿನ ಗದ್ಯಕಾರರನ್ನು ನೆನೆಯುವಾಗ ಹೇಳುವ ದುರ್ವಿನೀತ ಇವನೇ ಎನ್ನುತ್ತಾರೆ. ತಾಯಿಯ ಕಡೆಯಿಂದ ಪುನ್ನಾಟ ಅವನ ಕೈಸೇರಿ ಗಂಗರಾಜ್ಯದಲ್ಲಿ ಕರಗಿತು. ಕನ್ನಡದ ಆರಂಭದ ಗದ್ಯಕಾರನೊಬ್ಬ ಹೆಗ್ಗಡದೇವನಕೋಟೆಯ ಮೊಮ್ಮಗ ಎಂದರೆ ನಮ್ಮೂರಲ್ಲೇ ಎಷ್ಟೋ ಮಂದಿ ನಗುತ್ತಾರೆ.

ಇನ್ನೊಂದು ಸಂಗತಿ ಚಾರಣ ಪ್ರಿಯರಿಗೆ. ಇಲ್ಲಿಂದ ಹೊರಟ ಜೈನಮುನಿಗಳ ಪರಂಪರೆಗೆ ಪುನ್ನಾಟ ಸಂಘ ಎಂದೇ ಹೆಸರು. ಜೈನಮುನಿ ವಾಹನ ಹತ್ತುವಂತಿಲ್ಲ, ನಡೆದೇ ಹೋಗಬೇಕು. ಆ ಸಂಘದ ಜಿನಸೇನ 783ರಲ್ಲಿ ಹರಿವಂಶ ಪುರಾಣ ಮುಗಿಸಿದ್ದು ದೂರದ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ. ಒಂದೂವರೆ ಶತಮಾನದ ಮೇಲೆ ಅದೇ ಸಂಘದ ಹರಿಷೇಣ ಬೃಹತ್ಕಥಾಕೋಶ ಬರೆದದ್ದೂ ಅಲ್ಲೇ. ಕಪಿಲೆಯ ದಡದ ಹೆಸರನ್ನು ಅವರು ಅಷ್ಟು ದೂರ ಕಾಲ್ನಡಿಗೆಯಲ್ಲಿ ಹೊತ್ತೊಯ್ದು ಒಂದೂವರೆ ಶತಮಾನ ಇಟ್ಟುಕೊಂಡಿದ್ದರು. ನಾವು ಐವತ್ತು ವರ್ಷದಲ್ಲಿ ಮರೆತೆವು.

ಕಿತ್ತೂರು ಹಿನ್ನೀರಿನಲ್ಲಿ ಮುಳುಗಿತು. ಅಂದಿನವರಿಗೆ ಗದ್ದೆಗೆ ನೀರು ಬೇಕಾಗಿತ್ತು. ಅಣೆಕಟ್ಟೆ ಕಟ್ಟಬಾರದಿತ್ತು ಎಂದು ಕಾಲುವೆ ನೀರಿನ ಅನ್ನ ಉಂಡ ನಾನು ಹೇಳಲಾರೆ. ಆದರೆ ದಿನವೂ ಬೆಳಿಗ್ಗೆ, ಸಂಜೆ ಆ ನೀರಿನ ಮೇಲೆ ದೋಣಿ ಸಫಾರಿ ನಡೆಯುತ್ತದೆ. ಮೊಸಳೆ ತೋರಿಸುತ್ತಾರೆ, ಮೀನುಗಿಡುಗ ತೋರಿಸುತ್ತಾರೆ, ಕರಿಚಿರತೆಯ ಕಥೆ ಹೇಳುತ್ತಾರೆ. ಮುಳುಗಡೆ ಊರಿನಿಂದ ಎದ್ದು ಬಂದ ಮನೆಯ ಹುಡುಗನೊಬ್ಬ ದೋಣಿ ಓಡಿಸುತ್ತಾನೆ. ಕಿತ್ತೂರಿನ ವಿಷಯ ಯಾಕೆ ಹೇಳೋದಿಲ್ಲವಪ್ಪಾ ಎಂದು ಕೇಳಿದೆ. 'ಹುಲಿ ಕಂಡ್ರೆ ಟಿಪ್ಸ್ ಕೊಡ್ತಾರೆ. ಮುಳುಗೋದೂರ್ಗೆ ಯಾರ್ ಕೊಟ್ಟಾರು ಮೇಷ್ಟ್ರೇ?' ಎಂದ. ಅವನಿಗೆ ಗೊತ್ತಿಲ್ಲ ಎಂದಲ್ಲ. ಅವರವ್ವ ಬೇಸಿಗೆಯಲ್ಲಿ ನೀರು ಇಳಿದಾಗ ಕೈ ತೋರಿಸಿ ತವರಿನ ದಾರಿ ಹೇಳುತ್ತಿದ್ದಳಂತೆ.

ಪೆರುವಿನಲ್ಲೂ ಗೊತ್ತಿದ್ದವರು ಊರಿನವರೇ. 1911ರ ಜುಲೈ 24ರಂದು ಹಿರಾಮ್ ಬಿಂಗಮ್‌ನನ್ನು ಮಾಚು ಪಿಚುವಿಗೆ ಹತ್ತಿಸಿದವನು ಮೆಲ್ಚೋರ್ ಆರ್ತಿಯಾಗ ಎಂಬ ರೈತ. ಮೇಲೆ ಪಾಳುಗೋಡೆಗಳ ನಡುವೆ ಆಗಲೇ ಬೇಸಾಯ ಮಾಡಿಕೊಂಡಿದ್ದ ಮನೆಯವರು ಇದ್ದರು. ಕೊನೆಯ ಹೆಜ್ಜೆಗಳಿಗೆ ದಾರಿ ತೋರಿಸಿದವನು ಚಿಕ್ಕ ಹುಡುಗ. 'ಕಂಡುಹಿಡಿದ' ಕೀರ್ತಿ ಅಮೆರಿಕದವನಿಗೆ ಹೋಯಿತು. ಆದರೂ ಇವತ್ತು ಇಂಕಾ ದಾರಿಯಲ್ಲಿ ಪರವಾನಗಿ ಪಡೆದ ಗೈಡ್ ಇಲ್ಲದೆ ಯಾರೂ ಹೆಜ್ಜೆ ಇಡುವಂತಿಲ್ಲ. ಕೂಲಿಯವರೂ ಸೇರಿ ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಅಲ್ಲಿ ಕಥೆ ಹೇಳುವುದೇ ಒಂದು ಕಸುಬು.

ನಮ್ಮಲ್ಲಿ ಕಥೆ ಗೊತ್ತಿದ್ದವರನ್ನು ಕಾಡಿನಿಂದ ಹೊರಗೆ ಕಳಿಸಿದೆವು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯ ಕಾಡು. ಖೆಡ್ಡಾಕ್ಕೆ ಆನೆಯ ಜಾಡು ಹೇಳಿದವರ ಮೊಮ್ಮಕ್ಕಳು ಹುಣಸೂರಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಲ್ಲಿದ್ದಾರೆ, ಕೊಡಗಿನ ಕಾಫಿತೋಟಕ್ಕೆ ಕೂಲಿಗೆ ಹೋಗುತ್ತಾರೆ. ಹುಲಿ ಉಳಿಯಲಿ, ನನ್ನ ತಕರಾರಿಲ್ಲ. ಆದರೆ ಜೀಪಿನ ಮುಂದಿನ ಸೀಟಿನಲ್ಲಿ ಈ ಮಕ್ಕಳಿಗೆ ಜಾಗ ಸಿಗಬೇಕಾದಷ್ಟು ಸಿಕ್ಕಿಲ್ಲ ಎಂಬುದನ್ನು ಅಡಗಿಸಿ ಪ್ರಯೋಜನವಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ದೋಣಿಗಟ್ಟೆಯಲ್ಲಿ ಪುನ್ನಾಟದ ನಕಾಶೆ ಇರುವ ಒಂದು ಫಲಕ ಹಾಕಲಿ. ಗೈಡುಗಳ ತರಬೇತಿಯಲ್ಲಿ ಹಕ್ಕಿಗಳ ಹೆಸರಿನ ಜೊತೆ ಐವರು ರಾಜರ ಹೆಸರೂ ಸೇರಲಿ. ಕಾರಾಪುರದಲ್ಲಿ ಸಾಬುವಿನ ಹೆಸರಿರಲಿ. ಓದುಗರಿಗೂ ಒಂದು ಮಾತು: ಈ ಬೇಸಿಗೆಯಲ್ಲಿ ಕಬಿನಿಗೆ ಬಂದು ದೋಣಿ ಹತ್ತಿದಾಗ, ಹುಲಿ ಎಲ್ಲಿ ಎಂದು ಕೇಳುವ ಮೊದಲು ಕಿತ್ತೂರು ಎಲ್ಲಿತ್ತು ಎಂದು ಕೇಳಿ. ಓಡಿಸುವ ಹುಡುಗ ಕೈ ತೋರಿಸಿದರೆ ಟಿಪ್ಸನ್ನು ಅದಕ್ಕೇ ಕೊಡಿ.