ಹಾರಿಹೋದ ಕೆಂಪು

ನಮ್ಮೂರು ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ್ದು, 1050ರ ಸುಮಾರಿನದು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು, ನುಣುಪಾದ ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿಗಳಲ್ಲಿ ಇದೂ ಒಂದೆಂದು ಕಲೆಯ ಇತಿಹಾಸಕಾರರು ಹೇಳುತ್ತಾರೆ. ಹೊಸ ಕಲ್ಲನ್ನು ನಂಬಿದ ಆ ಶಿಲ್ಪಿಗಳ ಪ್ರಯೋಗ ಫಲಿಸಿತು. ಎಲ್ಲ ಪ್ರಯೋಗಗಳ ಹಣೆಬರಹವೂ ಹಾಗಿರುವುದಿಲ್ಲ. ಕೈಕೊಟ್ಟ ಒಂದು ಪ್ರಯೋಗದ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಮಾರ್ಕ್ ರಾತ್ಕೊ 1903ರಲ್ಲಿ ಇಂದಿನ ಲಾಟ್ವಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಬಂದ ಚಿತ್ರಕಾರ. ಅವನ ಪ್ರೌಢ ಕೃತಿಗಳಲ್ಲಿ ಮನುಷ್ಯರಿಲ್ಲ, ಮರಗಿಡಗಳಿಲ್ಲ. ಅಂಚು ಮಸುಕಾದ ವರ್ಣರಾಶಿಗಳಷ್ಟೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಭೋಜನಶಾಲೆಗಾಗಿ ಅವನು ಎಂಟಡಿಗೂ ಮಿಕ್ಕು ಎತ್ತರದ ಐದು ಪಟಗಳನ್ನು ಬರೆದನು. ಒಂದು ಗೋಡೆಗೆ ಮೂರು, ಎದುರಿಗೆ ಎರಡು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇವು ಬಿಡಿ ಮುಕ್ತಕಗಳಲ್ಲ, ಒಂದೇ ಪ್ರಬಂಧ; ನಡುವೆ ನಿಂತವನೇ ಅದರ ಸಹೃದಯ.

ಬಣ್ಣವನ್ನು ರಾತ್ಕೊ ತಾನೇ ಕಲಸಿಕೊಳ್ಳುತ್ತಿದ್ದನು. ಪ್ರಾಣಿಜನ್ಯ ಅಂಟು, ಮೊಟ್ಟೆ, ವರ್ಣದ ಪುಡಿ. ಮೇಲೆ ವಾರ್ನಿಷಿನ ರಕ್ಷಣೆಯಿಲ್ಲ. ಈ ಪಟಗಳ ಕಡುಗೆಂಪಿಗೆ ಅವನು ಬಳಸಿದ್ದು ಲಿಥಾಲ್ ಕೆಂಪು. ಅದು ಬಿಸಿಲನ್ನು ತಾಳದ ಬಣ್ಣ. 1964ರಲ್ಲಿ ಪಟಗಳು ಗೋಡೆಗೇರಿದವು. ದೊಡ್ಡ ಕಿಟಕಿಗಳಿಂದ ಬೆಳಕು ಸುರಿಯಿತು. ಕೆಂಪು ಹಾರಿತು, ಅದರೊಡನೆ ಬೆರೆತಿದ್ದ ನೀಲಿ ಉಳಿಯಿತು. 1979ರ ಹೊತ್ತಿಗೆ ಅವನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಲಾಯಿತು.

ಮತ್ತೆ ಬಣ್ಣ ಬಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ಪ್ರಶ್ನೆ ನನ್ನನ್ನೂ ಚುಚ್ಚುತ್ತದೆ. ತರುಣನಾಗಿದ್ದಾಗ ಹಳೆಯ ಹಸ್ತಪ್ರತಿಯೊಂದರಲ್ಲಿ ಮಾಸಿದ್ದ ಅಕ್ಷರವನ್ನು ಊಹಿಸಿ, ಅದರ ಮೇಲೆಯೇ ಮಸಿಯಿಂದ ತಿದ್ದಿದೆ. ಮುಂದೆ ಇನ್ನೊಂದು ಪ್ರತಿ ದೊರೆತಾಗ ನನ್ನ ಊಹೆ ಸಂದೇಹಕ್ಕೆ ಗುರಿಯಾಯಿತು. ಕೆಳಗಿದ್ದ ಕುರುಹನ್ನು ಮತ್ತೆ ನೋಡೋಣವೆಂದರೆ ಅದನ್ನು ನಾನೇ ಮುಚ್ಚಿಬಿಟ್ಟಿದ್ದೆ. ಕಳೆದುಹೋದುದನ್ನು ಕಂಸದೊಳಗೆ ಸೂಚಿಸಬೇಕು, ಮೂಲವನ್ನು ಮುಟ್ಟಬಾರದು ಎಂಬ ಗ್ರಂಥಸಂಪಾದನೆಯ ಪಾಠವನ್ನು ಆಮೇಲೆ ನಾನು ವಿದ್ಯಾರ್ಥಿಗಳಿಗೆ ಹೇಳಿದ್ದು ಪಶ್ಚಾತ್ತಾಪದಿಂದಲೇ.

ಹಾರ್ವರ್ಡಿನ ತಜ್ಞರೂ ಮೂಲವನ್ನು ಮುಟ್ಟಲಿಲ್ಲ. ಆ ಕಾಲದ ವರ್ಣ ಛಾಯಾಚಿತ್ರಗಳನ್ನೂ, ಗೋಡೆಗೇರದೆ ಉಳಿದಿದ್ದ ಆರನೆಯ ಪಟವನ್ನೂ ಆಧರಿಸಿ, ಎಲ್ಲೆಲ್ಲಿ ಎಷ್ಟು ಬಣ್ಣ ಕುಂದಿದೆಯೆಂದು ಗಣಕಯಂತ್ರದಿಂದ ಲೆಕ್ಕಹಾಕಿದರು. 2014ರ ಪ್ರದರ್ಶನದಲ್ಲಿ ಅಷ್ಟಷ್ಟೇ ಬಣ್ಣದ ಬೆಳಕನ್ನು ಪಟಗಳ ಮೇಲೆ ಹಾಯಿಸಿದರು. ಕೆಂಪು ಮರಳಿ ಬಂದಂತಾಯಿತು. ಬೆಳಕು ಕದ್ದುದನ್ನು ಬೆಳಕಿನಿಂದಲೇ ತುಂಬಿಕೊಟ್ಟರು. ಅದು ಸಂಪಾದಕನ ಕಂಸವೇ.

ಪ್ರತಿದಿನ ಸಂಜೆ ನಾಲ್ಕಕ್ಕೆ ಆ ದೀಪಗಳನ್ನು ಆರಿಸುತ್ತಿದ್ದರು. ಕುಂದಿದ ಪಟಗಳು ಕುಂದಿದಂತೆಯೇ ಕಾಣುತ್ತಿದ್ದವು. ನನ್ನ ಮಟ್ಟಿಗೆ ಆ ಪ್ರದರ್ಶನದ ಹಿರಿಮೆ ಇರುವುದು ಆ ಗಳಿಗೆಯಲ್ಲಿ. ನಷ್ಟವನ್ನು ತುಂಬಿಕೊಟ್ಟೂ ಅದನ್ನು ಮರೆಮಾಚದಿರುವುದು ಪ್ರಾಮಾಣಿಕ ವಿದ್ವತ್ತಿನ ಲಕ್ಷಣ.