ಕೆಲಸದ ಸುದ್ದಿ ಮಾರ್ಕೋನಹಳ್ಳಿಗೆ ಹೇಗೆ ಬರುತ್ತೆ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಂದ ಕೂಡಲೇ ನೆನಪಾಗೋದು ಶಿಂಷಾ ನದಿಗೆ ಕಟ್ಟಿದ ಜಲಾಶಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಕೆರೆ ತುಂಬಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ಸೈಫನ್ ತಾನಾಗೇ ಹೆಚ್ಚಿನ ನೀರನ್ನು ಹೊರಗೆ ಹಾಕುತ್ತೆ.

ಆದರೆ ಕೆಲಸದ ಸುದ್ದಿ ಹಾಗೆ ತಾನಾಗೇ ಹರಿಯೋದಿಲ್ಲ. ಬೆಂಗಳೂರಿನಲ್ಲಿ ಒಂದು ಜಾಗ ಖಾಲಿ ಇದೆ ಅನ್ನೋದು ಇಲ್ಲಿನ ಹುಡುಗ ಹುಡುಗಿಯರ ಕಿವಿಗೆ ಬೀಳಬೇಕಾದರೆ ನಡುವೆ ಒಬ್ಬರು ಬೇಕು. ಈ ಲೇಖನ ಆ 'ನಡುವಿನವರ' ಚರಿತ್ರೆ. ಫೇಸ್‌ಬುಕ್, ಲಿಂಕ್ಡ್‌ಇನ್, ವಾಟ್ಸಾಪ್ ಎಲ್ಲ ಅದರ ಇತ್ತೀಚಿನ ಅಧ್ಯಾಯ ಅಷ್ಟೇ.

ಪಕ್ಕದ ಗುಬ್ಬಿಯನ್ನೇ ನೋಡಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಗೆ ಯಾರೂ ಬಯೋಡೇಟಾ ಹಿಡಿದುಕೊಂಡು ಹೋಗಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು, ಮಗ ಮುತ್ತುರಾಜನೂ ಚಿಕ್ಕ ವಯಸ್ಸಿನಲ್ಲೇ ಕಂಪನಿ ಸೇರಿದ. ಮುಂದೆ ಆತ ರಾಜ್‌ಕುಮಾರ್ ಆದದ್ದು ನಿಮಗೆಲ್ಲ ಗೊತ್ತು. ಬಲ್ಲವರು ಒಳಗಿದ್ದರೆ ಬಾಗಿಲು ಬೇಗ ತೆಗೆಯುತ್ತೆ!

ಈ ಪದ್ಧತಿಗೆ ಇನ್ನೊಂದು ಮುಖವೂ ಇದೆ. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಅನ್ನೋ ದೂರು ಎದ್ದಿತ್ತು. ಅದನ್ನು ಪರಿಶೀಲಿಸಲು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಓದು, ಪರಿಚಯ ಎರಡೂ ಕೆಲವೇ ಮನೆಗಳಲ್ಲಿ ಸುತ್ತುತ್ತಿದ್ದರೆ ಕೆಲಸವೂ ಅಲ್ಲೇ ಸುತ್ತುತ್ತೆ. ಕಾಲುವೆಯ ತಲೆಯಲ್ಲಿರುವ ಗದ್ದೆಗೆ ಮೊದಲ ನೀರು, ಕೊನೆಯ ಗದ್ದೆಗೆ ಉಳಿದದ್ದು.

ಈ ಅನ್ಯಾಯಕ್ಕೆ ಒಂದು ಉತ್ತರವಾಗಬಹುದಾಗಿದ್ದದ್ದು ಉದ್ಯೋಗ ವಿನಿಮಯ ಕೇಂದ್ರ. 1945ರಲ್ಲಿ, ಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ ಇದು ಶುರುವಾಯಿತು. 1948ರಲ್ಲಿ ಎಲ್ಲರಿಗೂ ತೆರೆಯಿತು. 25 ಜನರಿಗಿಂತ ಕಡಿಮೆ ಇಲ್ಲದ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ತಿಳಿಸಲೇಬೇಕು ಅಂತ 1959ರ ಕಾಯ್ದೆ ಹೇಳಿತು. ತಿಳಿಸಬೇಕು ನಿಜ, ಆದರೆ ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕು ಅಂತೇನೂ ಇರಲಿಲ್ಲ! ಕಾರ್ಡು ಮಾಡಿಸಿ, ರಿನ್ಯೂವಲ್ ಮಾಡಿಸಿ, ಪೋಸ್ಟ್‌ಮ್ಯಾನ್ ದಾರಿ ಕಾದ ತಲೆಮಾರು ನಮ್ಮೆಲ್ಲರ ಮನೆಯಲ್ಲೂ ಇದೆ. 1996ರಲ್ಲಿ ಸುಪ್ರೀಂ ಕೋರ್ಟ್, ಕೇಂದ್ರದಿಂದ ಬಂದ ಹೆಸರುಗಳಷ್ಟೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಿಸಿ ಅಂದಿತು.

ಮರುವರ್ಷವೇ ನೌಕ್ರಿ ಡಾಟ್ ಕಾಮ್ ಬಂತು. 2003ರಲ್ಲಿ ಲಿಂಕ್ಡ್‌ಇನ್, 2004ರಲ್ಲಿ ಆರ್ಕುಟ್. ಆರ್ಕುಟ್ ನೆನಪಿದೆಯಾ? 2014ರಲ್ಲಿ ಬಾಗಿಲು ಹಾಕಿತು ಪಾಪ... ಸಾಫ್ಟ್‌ವೇರ್ ಕಂಪನಿಗಳಲ್ಲಿ 'ರೆಫರಲ್' ಅನ್ನೋ ಹೆಸರಿನಲ್ಲಿ ಹಳೇ ಬಲ್ಲವರ ಪದ್ಧತಿಯೇ ಬೋನಸ್ ಸಮೇತ ಮರಳಿ ಬಂತು.

ಇಷ್ಟಕ್ಕೂ ಕೆಲಸ ಕೊಡಿಸೋರು ಯಾರು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಕುತೂಹಲದ ಮಾತು ಹೇಳಿದರು. ಹೊಸ ಕೆಲಸದ ಸುದ್ದಿ ತರೋದು ಆಪ್ತರಲ್ಲ, ಅಪರೂಪಕ್ಕೆ ಸಿಗುವ ದೂರದ ಪರಿಚಯದವರು! ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚು ಕಡಿಮೆ ಇದನ್ನೇ ಹೇಳಿತು. ತೀರಾ ಅಪರಿಚಿತರೂ ಅಲ್ಲ, ತೀರಾ ಆಪ್ತರೂ ಅಲ್ಲ, ನಡುವಿನವರೇ ಹೆಚ್ಚು ಉಪಯೋಗ.

ಆದರೆ ಕಂಪ್ಯೂಟರೇ ಮುಟ್ಟದವರ ಪಾಡು? ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಪ್ರಯೋಗ ನಡೆಯಿತು. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಶಾನ್ ಬ್ಲಾಗ್ಸ್‌ವೆಟ್ 2007ರಲ್ಲಿ 'ಬಾಬಾಜಾಬ್' ಶುರುಮಾಡಿದರು. ಬಡತನದಿಂದ ಮೇಲೆ ಬರುವವರ ಬಗ್ಗೆ ಅನಿರುದ್ಧ ಕೃಷ್ಣ ಮಾಡಿದ್ದ ಅಧ್ಯಯನ ಅವರಿಗೆ ಪ್ರೇರಣೆ. ಮನೆಕೆಲಸದವರು, ಅಡುಗೆಯವರು, ಡ್ರೈವರ್‌ಗಳಿಗೂ ಒಂದು ಸೋಷಿಯಲ್ ನೆಟ್‌ವರ್ಕ್! ಇಂಟರ್‌ನೆಟ್ ಇಲ್ಲದವರನ್ನು ಸೈಬರ್ ಕೆಫೆಯವರೋ ಸೇವಾ ಸಂಸ್ಥೆಯವರೋ ನೋಂದಾಯಿಸಿದರೆ ಅವರಿಗೆ ಹಣ. ಮುಂದೆ ಎಸ್ಎಂಎಸ್, ಮಿಸ್ಡ್ ಕಾಲ್ ಕೂಡ ಬಂದವು. 2017ರಲ್ಲಿ ಕ್ವಿಕರ್ ಇದನ್ನು ಕೊಂಡುಕೊಂಡಿತು. ಈ ಪ್ರಯೋಗದಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದೇ. ಅಷ್ಟೆಲ್ಲ ತಂತ್ರಜ್ಞಾನ ಇದ್ದರೂ ನಡುವೆ ಒಬ್ಬ ಮನುಷ್ಯ ಬೇಕೇ ಆಯಿತು.

ಈಗ ಹಳ್ಳಿಹಳ್ಳಿಯಲ್ಲೂ ವಾಟ್ಸಾಪ್ ಇದೆ. ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವಾ ಪೋರ್ಟಲ್ 2015ರಿಂದ ಇದೆ. 2017ರಿಂದ ಕುಣಿಗಲ್ ಮೇಲೆ ಬೆಂಗಳೂರು-ಹಾಸನ ರೈಲೂ ಓಡುತ್ತಿದೆ. ದಾರಿ ಹತ್ತಿರವಾಯಿತು, ಪರಿಚಯ ಹತ್ತಿರವಾಯಿತಾ? ಊರಿನ ಗ್ರೂಪಿನಲ್ಲಿ ಇರೋರೆಲ್ಲ ಊರಿನವರೇ. ಅಲ್ಲಿಗೆ ಹೊರಗಿನಿಂದ ಬರುವ ಸುದ್ದಿಯಲ್ಲಿ 'ರಿಜಿಸ್ಟ್ರೇಷನ್ ಫೀ ಕಟ್ಟಿ, ಕೆಲಸ ಗ್ಯಾರಂಟಿ' ಅನ್ನೋ ಮೋಸವೂ ಬೆರೆತಿರುತ್ತೆ. ನಿಜ ಯಾವುದು ಅಂತ ಕೇಳೋಕೆ ಆ ಊರಿನ ಹುಡುಗಿಗೆ ನಗರದಲ್ಲಿ ಒಬ್ಬರಾದರೂ ಬಲ್ಲವರಿದ್ದಾರಾ?

ಗ್ರಾನೊವೆಟರ್ ಹೇಳಿದ ಆ 'ದೂರದ ಪರಿಚಯದವರು' ಬೇರೆ ಯಾರೂ ಅಲ್ಲ, ಊರು ಬಿಟ್ಟು ಬಂದು ಇದನ್ನು ಓದುತ್ತಿರುವ ನಾವು ನೀವೇ. ನಿಮ್ಮ ಆಫೀಸಿನಲ್ಲಿ ಜಾಗ ಖಾಲಿ ಇದ್ದರೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ: ಕೆಲಸ ಏನು, ಸಂಬಳ ಎಷ್ಟು, ಎಷ್ಟು ಓದಿರಬೇಕು, ಯಾರನ್ನು ಕೇಳಬೇಕು. ನಿಮ್ಮ ಜಾತಿಯ, ನಿಮ್ಮ ಕಾಲೇಜಿನ ಗ್ರೂಪಿಗೆ ಮಾತ್ರ ಹಾಕಬೇಡಿ. ಇಲ್ಲದಿದ್ದರೆ ಮಿಲ್ಲರ್ ಸಮಿತಿಯ ಕಾಲಕ್ಕೇ ವಾಪಸ್ ಹೋದ ಹಾಗೆ. ಕಾಲುವೆಯ ಕೊನೆಯ ಗದ್ದೆಗೂ ನೀರು ತಲುಪಲಿ.

ಏನಂತೀರಿ?